ಹಳೇ ಕ್ವಾಲಿಸ್ ಡೀಸೆಲ್‌ಗೆ ಬ್ಯಾಟ್ರಿ, ಕೇಬಲ್ ಎರಡೂ ಹೊಸದು: ನಾಲ್ಕು ಮಳೆಗಾಲ ಆದ್ಮೇಲೆ ಬರೀತಿರೋದು

ಗಾಡಿ 2003ರ ಕ್ವಾಲಿಸ್, 2.4 ಲೀಟರ್ ಡೀಸೆಲ್, ಎಂಜಿನ್ ಮಾಡೆಲ್ ಹೆಸರು 2ಎಲ್. ಬಿಡದಿ ಫ್ಯಾಕ್ಟರಿಯಲ್ಲಿ 2005ಕ್ಕೇ ಇದನ್ನ ಮಾಡೋದು ನಿಲ್ಸಿ ಇನ್ನೋವಾ ತಂದ್ರು, ಆದ್ರೂ ನಮ್ಮ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಜನ ಇದನ್ನ ಬಿಡ್ತಾನೇ ಇಲ್ಲ. ಅಡಿಕೆ ಮೂಟೆ, ಗೊಬ್ಬರ, ಮದುವೆ ಮನೆ, ಆಸ್ಪತ್ರೆ ಎಲ್ಲಕ್ಕೂ ಮನೇಲಿ ಇದೇ. ಎಂಜಿನ್ ಬಗ್ಗೆ ನಂದೇನೂ ದೂರಿಲ್ಲ. ತಲೆನೋವು ಇದ್ದಿದ್ದು ಸೆಲ್ಫ್‌ದು. ಡಿಸೆಂಬರ್ ಜನವರಿ ಬೆಳಗ್ಗೆ ಹೀಟರ್ ಲೈಟ್ (ಎಂಜಿನ್ ಒಳಗೆ ಬಿಸಿ ಮಾಡೋ ಗ್ಲೋ ಪ್ಲಗ್‌ದು) ಆರೋ ತನಕ ಕಾದು ಕೀ ತಿರುಗಿಸಿದ್ರೆ ಎರಡು ಸಲ ನಿಧಾನಕ್ಕೆ ಎಳೆದು ಅಲ್ಲೇ ಕೂತುಬಿಡೋದು, ಹಾಗಾಗಿ ಎಲ್ಲಿ ಹೋದ್ರೂ ಡೌನ್ ಇರೋ ಜಾಗ ಹುಡುಕಿ ನಿಲ್ಲಿಸೋದು ಮನೆಮಂದಿಗೆಲ್ಲ ಅಭ್ಯಾಸ ಆಗೋಗಿತ್ತು.

ಮೊದಲಿದ್ದ ಬ್ಯಾಟ್ರಿ ಎರಡು ವರ್ಷಾನೂ ಬರ್ಲಿಲ್ಲ, ಅದಕ್ಕೂ ಮೊದಲಿಂದೂ ಅದೇ ಕಥೆ. ಕಂಪನಿ ಹೆಸರು ಬೇಡ, ಯಾಕಂದ್ರೆ ತಪ್ಪು ಬ್ಯಾಟ್ರಿದಲ್ಲ ಅಂತ ಆಮೇಲೆ ಗೊತ್ತಾಯ್ತು. ಪೇಟೇಲಿ ಒಂದು ವರ್ಕ್‌ಶಾಪ್‌ನವ್ರು "ಗೌಡ್ರೆ, ಸೆಲ್ಫ್ ಮೋಟಾರೇ ಹೋಗಿದೆ, ಬಿಚ್ಚಿ ರಿವೈಂಡಿಂಗ್‌ಗೆ ಕೊಡಿ" ಅಂದ್ರು. ಕೊಡೋ ಮುಂಚೆ ಮಲ್ಟಿಮೀಟರ್ ಹಿಡ್ಕೊಂಡು ಕೂತೆ, ಅದೇ ಉಳಿಸ್ತು.

ಇದನ್ನ ಯಾರು ಬೇಕಾದ್ರೂ ಮಾಡಬಹುದು, 300 ರೂಪಾಯಿ ಮೀಟರ್ ಸಾಕು. ಡೀಸೆಲ್ ಪಂಪ್ ಮೇಲಿರೋ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬರೋದನ್ನ ನಿಲ್ಸೋದು) ವೈರ್ ಕಳಚಿಟ್ರೆ ಎಂಜಿನ್ ಹತ್ತಲ್ಲ, ಸೆಲ್ಫ್ ಮಾತ್ರ ತಿರುಗುತ್ತೆ. ಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ಯಾಟ್ರಿ ನೆಗೆಟಿವ್‌ನ ಸೀಸದ ಗುಬಟಿ ಮೇಲೇ ಒತ್ತಿ ಹಿಡೀಬೇಕು, ಕ್ಲಾಂಪ್ ಮೇಲಲ್ಲ, ಇನ್ನೊಂದು ಎಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಬೋಲ್ಟ್ ಮೇಲೆ, ಆಮೇಲೆ ಒಳಗಿರೋರು ಸೆಲ್ಫ್ ಹೊಡೀಬೇಕು. 0.2, ಹೆಚ್ಚಂದ್ರೆ 0.3 ವೋಲ್ಟ್ ತೋರಿಸಬೇಕಿತ್ತು. ನಮ್ಮದ್ರಲ್ಲಿ 1.1. ಪಾಸಿಟಿವ್ ಕಡೆ, ಬ್ಯಾಟ್ರಿಯಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟ್‌ವರೆಗೆ, 0.6. ಅಂದ್ರೆ ಬ್ಯಾಟ್ರಿ 10.4 ವೋಲ್ಟ್ ಕೊಡ್ತಿದ್ರೆ ಮೋಟಾರಿಗೆ ತಲುಪ್ತಿದ್ದಿದ್ದು 8.7 ಮಾತ್ರ, ಉಳಿದಿದ್ದೆಲ್ಲ ದಾರೀಲೇ ಬಿಸಿಯಾಗಿ ಹೋಗ್ತಿತ್ತು. ಇಂಥಾ ಡೀಸೆಲ್‌ಗೆ ಕಂಪ್ರೆಶನ್ (ಗಾಳೀನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 20ಕ್ಕೂ ಮೇಲೆ, ತಿರುಗಿಸೋಕೆ ಮುನ್ನೂರು ಆಂಪ್ಸ್ ಹತ್ರ ಎಳೆಯುತ್ತೆ, ಮೊದಲ ಜರ್ಕ್‌ಗೆ ಇನ್ನೂ ಜಾಸ್ತಿ. ಅಷ್ಟು ಆಂಪ್ಸ್ ಹರಿಯೋವಾಗ ಸಣ್ಣ ತುಕ್ಕೂ ದೊಡ್ಡ ಅಡ್ಡಿ.

ನೆಗೆಟಿವ್ ಕಡೆ ಯಾಕೆ ಅಷ್ಟು ಹಾಳಾಗಿತ್ತು ಅಂದ್ರೆ, ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಅದಕ್ಕೂ ಚಾಸಿಗೂ ಕರೆಂಟ್ ಸಂಬಂಧ ಇರೋದು ಅರ್ಥ್ ಪಟ್ಟಿ (ಕರೆಂಟ್ ಬ್ಯಾಟ್ರಿ ನೆಗೆಟಿವ್ ಕಡೆ ವಾಪಸ್ ಹೋಗೋ ದಾರಿ) ಒಂದರಿಂದಲೇ. ನಮ್ಮದ್ರಲ್ಲಿ ಹೆಣೆದ ಪಟ್ಟಿ ಅರ್ಧಕ್ಕರ್ಧ ಎಳೆ ಉದುರಿ ಹೋಗಿತ್ತು. ಕೇಬಲ್ ಮಾತ್ರ ಹೊರಗಿಂದ ನೋಡಿದ್ರೆ ಚೆನ್ನಾಗೇ ಇತ್ತು, ರಬ್ಬರ್ ಎಲ್ಲೂ ಸೀಳಿಲ್ಲ. ಬ್ಲೇಡ್ ಹಾಕಿ ಬಿಡಿಸಿದೆ, ಲಗ್ (ಬೋಲ್ಟ್ ಹಾಕೋ ಕೇಬಲ್ ತುದಿಯ ಬಳೆ) ಹತ್ರದಿಂದ ಒಂದು ಗೇಣು ಒಳಗಿನವರೆಗೂ ಹಸಿರು ಕಿಲುಬು ಏರಿತ್ತು, ಅದರಾಚೆ ತಾಮ್ರ ಕಪ್ಪಗೆ, ಬೆರಳಲ್ಲಿ ಬಗ್ಗಿಸಿದ್ರೆ ಎಳೆ ಪಟಪಟ ಮುರೀತಿತ್ತು. ಆಸಿಡ್ ಹಬೆ ಜೊತೆಗೆ ನಮ್ಮೂರ ಮಳೆ, ಆಗುಂಬೆ ಪಕ್ಕದಲ್ಲೇ ಇದ್ದು ಇನ್ನೇನು ನಿರೀಕ್ಷೆ ಮಾಡೋದು.

ಇನ್ನೊಂದು ವಿಷಯ, ಬ್ಯಾಟ್ರಿ ಪದೇ ಪದೇ ಸಾಯೋದಕ್ಕೂ ಇದೇ ಕಾರಣ. ಆಲ್ಟರ್ನೇಟರ್ (ಎಂಜಿನ್ ಓಡೋವಾಗ ಬ್ಯಾಟ್ರಿ ಚಾರ್ಜ್ ಮಾಡೋದು) ಅರ್ಥ್ ತಗೊಳ್ಳೋದೂ ಎಂಜಿನ್ ಬ್ಲಾಕಿಂದಾನೇ. ಹೆಡ್‌ಲೈಟ್ ಹಾಕಿ ಅಳೆದ್ರೆ ಆಲ್ಟರ್ನೇಟರ್ ಹತ್ರ 14.2, ಬ್ಯಾಟ್ರಿ ಹತ್ರ 13.3. ಹಾಗೆ ಅರೆಹೊಟ್ಟೆ ಚಾರ್ಜ್‌ನಲ್ಲೇ ತಿಂಗಳುಗಟ್ಲೆ ಇದ್ರೆ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತೆ, ಅದು ಗಟ್ಟಿಯಾದ್ಮೇಲೆ ಯಾವ ಚಾರ್ಜರ್ ಹಾಕಿದ್ರೂ ವಾಪಸ್ ಬರಲ್ಲ. ಅದಕ್ಕೇ ನಾನು ಹೇಳೋದು, ಹಳೇ ಡೀಸೆಲ್‌ಗೆ ದುಡ್ಡು ಹಾಕೋದಾದ್ರೆ ಮೊದಲು ಕೇಬಲ್‌ಗೆ, ಅದರಲ್ಲೂ ಅರ್ಥ್‌ಗೆ. ಬ್ಯಾಟ್ರಿ ಅಂಗಡಿಯವ್ರು ಇದನ್ನ ಹೇಳಲ್ಲ, ಅವರಿಗೆ ಕೇಬಲ್‌ನಲ್ಲಿ ಏನೂ ಉಳಿಯಲ್ಲ.

ಕೇಬಲ್ ವಿಷ್ಯ. ರೆಡಿಮೇಡ್ ಸೆಟ್ ಬೆಂಗ್ಳೂರು ಜೆಸಿ ರೋಡಲ್ಲಿ ಬೇಕಾದಷ್ಟು ಸಿಗುತ್ತೆ, ಅಗ್ಗ ಕೂಡ, ಆದ್ರೆ ಕೈಲಿ ತೂಗಿ ನೋಡಿ. ಸುಮಾರು ಸೆಟ್‌ಗಳು ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ, ತುದಿಯನ್ನ ಚಾಕುವಲ್ಲಿ ಕೆರೆದ್ರೆ ಬಿಳಿ ಕಾಣುತ್ತೆ. ಅಲ್ಯೂಮಿನಿಯಂ ತಾಮ್ರದ ಅರವತ್ತು ಪರ್ಸೆಂಟ್‌ನಷ್ಟು ಮಾತ್ರ ಕರೆಂಟ್ ಸಾಗಿಸೋದು, ತುಕ್ಕು ಬೇರೆ. (ಈ ಕೇಬಲ್‌ಗೂ ಸಿಸಿಎ ಅಂತಾರೆ, ಬ್ಯಾಟ್ರಿ ಮೇಲೆ ಬರೆದಿರೋ ಸ್ಟಾರ್ಟಿಂಗ್ ತಾಕತ್ತಿಗೂ ಸಿಸಿಎ ಅಂತಾರೆ. ಒಂದು ಬೇಡ, ಇನ್ನೊಂದು ಜಾಸ್ತಿ ಬೇಕು.) ಇನ್ನು ಕೆಲವು ರಬ್ಬರ್ ಮಾತ್ರ ದಪ್ಪ, ಒಳಗೆ ಬೆರಳೆಣಿಕೆ ಎಳೆ.

ನಾನು ತಗೊಂಡಿದ್ದು ವೆಲ್ಡಿಂಗ್ ಕೇಬಲ್, ತಾಮ್ರದ್ದು, 50 ಸ್ಕ್ವೇರ್ ಎಂಎಂ, ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡೀಲಿ ಮೀಟರ್ ಲೆಕ್ಕದಲ್ಲಿ, 500ರ ಆಸುಪಾಸು ಬಿತ್ತು. ಕೂದಲಿನಂಥ ಸಣ್ಣ ಎಳೆ ಇರೋದ್ರಿಂದ ಚೆನ್ನಾಗಿ ಬಗ್ಗುತ್ತೆ, ಎಂಜಿನ್ ಅಲುಗಾಡಿದ್ರೂ ಮುರಿಯಲ್ಲ. 35 ಕೂಡ ಸಾಕಾಗ್ತಿತ್ತು ಅಂತ ಹೇಳೋರಿದ್ದಾರೆ, ಸರೀನೇ, ಆದ್ರೆ ಸಣ್ಣ ಕೇಬಲ್ ಎಷ್ಟು ತಿನ್ನುತ್ತೆ ಅಂತ ಲೆಕ್ಕ ನೋಡಿ: ಒಂದೂವರೆ ಮೀಟರ್ 16 ಸ್ಕ್ವೇರ್ ಕೇಬಲ್‌ನಲ್ಲಿ 300 ಆಂಪ್ಸ್ ಹರಿದ್ರೆ ಅರ್ಧ ವೋಲ್ಟ್ ಹೋಗುತ್ತೆ, 50ರಲ್ಲಿ 0.16 ಅಷ್ಟೇ. ವ್ಯತ್ಯಾಸ ಕೆಲವು ನೂರು ರೂಪಾಯಿ.

ಒಂದು ಎಚ್ಚರಿಕೆ, ವೆಲ್ಡಿಂಗ್ ಕೇಬಲ್‌ನ ರಬ್ಬರ್ ಎಣ್ಣೆ ಡೀಸೆಲ್ ಬಿದ್ರೆ ಮೆತ್ತಗಾಗೋ ಚಾನ್ಸ್ ಇದೆ, ಅದಕ್ಕೇ ಎಂಜಿನ್ ಪಕ್ಕ ಹಾದುಹೋಗೋ ಕಡೆ ಸುರುಳಿ ಪೈಪ್ ತೊಡಿಸಿ, ಎಕ್ಸಾಸ್ಟ್‌ನಿಂದ ದೂರ ಕ್ಲಿಪ್ ಹಾಕಿ. ಪಾಸಿಟಿವ್‌ಗೆ ಫ್ಯೂಸ್ ಇರಲ್ಲ, ಎಲ್ಲಾದ್ರೂ ಉಜ್ಜಿ ಬಾಡಿಗೆ ತಾಗಿದ್ರೆ ಗಾಡಿ ಸುಟ್ಟೇ ಹೋಗುತ್ತೆ.

ಲಗ್ ಮಾತ್ರ ಸುತ್ತಿಗೇಲಿ ಚಚ್ಚಿಸ್ಕೋಬೇಡಿ ದಯವಿಟ್ಟು. ಪಂಪ್‌ಸೆಟ್ ಪ್ಯಾನೆಲ್ ಬೋರ್ಡ್ ಮಾಡೋರ ಹತ್ರ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತೆ, ತವರ ಲೇಪದ ತಾಮ್ರದ ಲಗ್ ಹಾಕಿಸಿ, ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿದ್ರೆ ಕಿಲುಬು ಒಳಗೆ ಏರೋಕೆ ದಾರಿ ಇಲ್ಲ. ನಾನು ಬ್ಯಾಟ್ರಿ ನೆಗೆಟಿವ್‌ನಿಂದ ನೇರ ಎಂಜಿನ್ ಬ್ಲಾಕಿಗೆ ಒಂದು, ಚಾಸಿಗೆ ಒಂದು, ಬಾಡಿಗೆ ಬೇರೆ ಸಣ್ಣದು ಅಂತ ಮೂರು ಎಳೆದೆ. ಕೂರೋ ಜಾಗದ ಪೇಂಟ್ ಎಮರಿ ಪೇಪರ್‌ನಲ್ಲಿ ಹೊಳೆಯೋ ತನಕ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್.

ಬ್ಯಾಟ್ರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಮ್ಮದು ಅಮರಾನ್, 80 ಎಎಚ್ (ಆಂಪಿಯರ್ ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ವರ್ಗದ್ದು, ಹಳೇದು ಎಕ್ಸ್‌ಚೇಂಜ್ ಕೊಟ್ಟು ಏಳೂವರೆ ಸಾವಿರದ ಹತ್ರ ಆಯ್ತು. ಎಕ್ಸೈಡ್ ತಗೊಂಡಿದ್ರೂ ಇಷ್ಟೇ ನಡೀತಿತ್ತು ಅನ್ಸುತ್ತೆ, ನಿಮ್ಮೂರಲ್ಲಿ ಯಾವುದರ ಡೀಲರ್ ವಾರಂಟಿಗೆ ತಕರಾರು ಮಾಡಲ್ವೋ ಅದನ್ನ ತಗೊಳ್ಳಿ. ವಾರಂಟಿ 48 ತಿಂಗಳು ಅಂದ್ರೆ ಪೂರ್ತಿ ಫ್ರೀ ಅಲ್ಲ, ಮೊದಲರ್ಧ ಹೊಸದು ಕೊಡ್ತಾರೆ, ಉಳಿದಿದ್ರಲ್ಲಿ ಡಿಸ್ಕೌಂಟ್ ಅಷ್ಟೇ, ಕಾರ್ಡ್‌ಗೆ ಸೀಲ್ ತಾರೀಖು ಹಾಕಿಸ್ಕೊಳ್ಳಿ. ತಯಾರಾದ ತಿಂಗಳ ಕೋಡ್ ಕೇಳಿ, ಆರು ತಿಂಗಳು ಅಂಗಡೀಲೇ ಕೂತಿದ್ದು ಬೇಡ. ನಂಬರ್‌ನಲ್ಲಿ ಡಿ26, ಡಿ31 ಅಂತ ಇರೋದು ಉದ್ದ, ಸೆಂಟಿಮೀಟರ್ ಲೆಕ್ಕ, ಟ್ರೇ ಅಳೆದೇ ಹೋಗಿ. ಕೊನೇ ಎಲ್, ಆರ್ ಅಕ್ಷರ ಪಾಸಿಟಿವ್ ಯಾವ ಕಡೆ ಅನ್ನೋದಕ್ಕೆ, ಅದು ಉಲ್ಟಾ ಬಂದ್ರೆ ಕೇಬಲ್ ಸಾಲಲ್ಲ, ಹಳೇದರ ಫೋಟೋ ಹೊಡ್ಕೊಂಡು ಹೋದ್ರೆ ಮುಗೀತು.

ನಮ್ಮ ಭಾವ "ಇನ್ವರ್ಟರ್ ಟ್ಯೂಬುಲರ್ ಹಾಕೋ ಮಾರಾಯ, 150 ಎಎಚ್ ಸಿಗುತ್ತೆ" ಅಂತಿದ್ರು. ಬೇಡ. ಅದು ಗಂಟೆಗಟ್ಲೆ ಸಣ್ಣಗೆ ಕೊಡೋಕೆ ಮಾಡಿರೋದು, ಒಂದೇ ಏಟಿಗೆ ಮುನ್ನೂರು ಆಂಪ್ಸ್ ಕೇಳಿದ್ರೆ ವೋಲ್ಟೇಜ್ ಕುಸಿಯುತ್ತೆ. ಟ್ರ್ಯಾಕ್ಟರ್ ಬ್ಯಾಟ್ರಿ ಹಾಕೋರು ಇದ್ದಾರೆ, ಅದು ಕುಲುಕಾಟಕ್ಕೆ ಗಟ್ಟಿ, ಟ್ರೇಲಿ ಕೂತ್ರೆ ಆಗಬಹುದು. ದೊಡ್ಡ ಬ್ಯಾಟ್ರಿ ಹಾಕಿದ್ರೆ ಸೆಲ್ಫ್ ಸುಡುತ್ತೆ ಅನ್ನೋದು ಸುಳ್ಳು, ಮೋಟಾರ್ ತನಗೆ ಬೇಕಾದಷ್ಟೇ ಎಳ್ಕೊಳ್ಳೋದು.

ಈಗ ಹೇಗಿದೆ ಅಂದ್ರೆ, ಎಂಜಿನ್ ಅರ್ಥ್ ಕಡೆ 0.15 ವೋಲ್ಟ್ ಇದ್ದಿದ್ದು ಹೋದ ತಿಂಗಳು ನೋಡಿದಾಗ 0.2, ಹೆಡ್‌ಲೈಟ್ ಹಾಕಿದ್ರೂ ಬ್ಯಾಟ್ರಿ ಹತ್ರ 14 ಮೇಲೆ. ರಾತ್ರಿ ಬಿಟ್ಟು ಬೆಳಗ್ಗೆ 12.6 ಇರುತ್ತೆ. ಚಳೀಲೂ ಹೀಟರ್ ಆದ್ಮೇಲೆ ಒಂದೇ ಸೆಲ್ಫ್. ಆ "ಹೋಗಿರೋ" ಮೋಟಾರ್ ಇನ್ನೂ ಅದೇ, ಬಿಚ್ಚೇ ಇಲ್ಲ.

ಸರಿ ಬರದೇ ಇದ್ದಿದ್ದು ಕ್ಲಾಂಪ್. ಚಿನ್ನದ ಬಣ್ಣದ ಕ್ವಿಕ್ ರಿಲೀಸ್ ಟರ್ಮಿನಲ್ ಚೆಂದ ಕಾಣುತ್ತೆ ಅಂತ ಹಾಕಿದ್ದು ಎರಡನೇ ಮಳೆಗಾಲಕ್ಕೆ ಸಡಿಲ ಆಗಿ ಬಿಸಿ ಆಗೋಕೆ ಶುರು, ಈಗ ಮಾಮೂಲಿ ಸೀಸದ್ದು ಹಾಕಿದೀನಿ, ಅದೇ ವಾಸಿ. ಬ್ಯಾಟ್ರಿ ಮೇಲೆ ರಬ್ಬರ್ ಟೋಪಿ ಹಾಕಿದ್ರೂ ಪಾಸಿಟಿವ್ ಕಡೆ ಬಿಳಿ ಪುಡಿ ಬರೋದು ಪೂರ್ತಿ ನಿಂತಿಲ್ಲ, ಮಳೆಗಾಲ ಮುಗಿದ್ಮೇಲೆ ಬಿಸಿನೀರು ಅಡುಗೆ ಸೋಡಾ ಹಾಕಿ ತೊಳೀತೀನಿ, ತೊಳೆಯೋಕೆ ಬಿಚ್ಚೋವಾಗ ನೆಗೆಟಿವ್ ಮೊದಲು. ಆಲ್ಟರ್ನೇಟರ್ ಹಿಂದೆ ಬ್ರೇಕ್‌ನ ವ್ಯಾಕ್ಯೂಮ್ ಪಂಪ್ ಇದೆ ಈ ಗಾಡೀಲಿ, ಅಲ್ಲಿಂದ ಆಯಿಲ್ ಒಳಗೆ ಇಳಿದ್ರೆ ಕಾರ್ಬನ್ ಬ್ರಷ್ ನೆನೆದು ಚಾರ್ಜ್ ಕಮ್ಮಿ ಆಗುತ್ತೆ, ಕೇಬಲ್ ಬದಲಾಯಿಸಿದ್ರೂ 14 ದಾಟ್ತಿಲ್ಲ ಅನ್ನೋರು ಮೊದಲು ಅದನ್ನ ನೋಡಿ. ನಂದ್ರಲ್ಲಿ ಆಲ್ಟರ್ನೇಟರ್‌ನಿಂದ ಬ್ಯಾಟ್ರಿಗೆ ಬರೋ ವೈರ್ ಮಾತ್ರ ಇನ್ನೂ ಹಳೇದೇ ಇದೆ, ಅಡಿಕೆ ಕೊಯ್ಲು ಮುಗಿದ್ಮೇಲೆ 16 ಸ್ಕ್ವೇರ್‌ದು ಫ್ಯೂಸ್ ಸಮೇತ ಹಾಕಿಸಬೇಕು.