ಮೀಟರಿನ ಮುಳ್ಳಿಗಿಂತ ಮೊದಲೇ ಹೇಳುವ ಒಬಿಡಿ ಡಾಂಗಲ್

ಟೆಂಪರೇಚರ್ ಮುಳ್ಳು ನಡುವಿನಲ್ಲಿದೆಯಲ್ಲ ಎಂದು ನೆಮ್ಮದಿಯಿಂದ ಶಿರಾಡಿ ಘಾಟಿ ಹತ್ತುವವರೇ ಜಾಸ್ತಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಕೂಲಂಟ್ (ಎಂಜಿನ್ ತಣಿಸುವ ನೀರು) 80 ಡಿಗ್ರಿ ಇದ್ದರೂ ಮುಳ್ಳು ಅಲ್ಲೇ, 105ರ ಹತ್ತಿರ ಬಂದರೂ ಹೆಚ್ಚುಕಡಿಮೆ ಅಲ್ಲೇ. ಗಿರಾಕಿ ಸುಮ್ಮನೆ ಗಾಬರಿಯಾಗಬಾರದೆಂದು ಕಂಪನಿಯವರೇ ಹಾಗೆ ಕೂರಿಸಿರುತ್ತಾರೆ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ; ತಣ್ಣಗಿದ್ದರೆ ನೀಲಿ ದೀಪ, ಕೈಮೀರಿದರೆ ಕೆಂಪು ದೀಪ. ಈ ಎರಡರ ನಡುವೆ ಏನಾಗುತ್ತಿದೆ ಎಂದು ತೋರಿಸುವುದು, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದಿ ಫೋನಿಗೆ ಕಳಿಸುವ ಇಎಲ್‌ಎಂ 327 ಬ್ಲೂಟೂತ್ ಡಾಂಗಲ್. ಬೆಂಕಿಪೊಟ್ಟಣದಷ್ಟು ಗಾತ್ರ, ಆನ್‌ಲೈನಿನಲ್ಲಿ 500 ರೂಪಾಯಿ ಆಸುಪಾಸಿನಿಂದ ಸಿಗುತ್ತದೆ.

ಸ್ಟೀರಿಂಗಿನ ಕೆಳಗೆ ಕಾರಿನ ದೋಷ ಪತ್ತೆಗೆಂದೇ ಇರುವ ಒಬಿಡಿ ಎಂಬ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿಗೆ ಪೇರ್ ಮಾಡಿದರೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪಿನಲ್ಲಿ ಡಿಗ್ರಿ ಕಾಣುತ್ತದೆ. ಪಿನ್ ನಂಬರ್ ಕೇಳಿದರೆ ಸಾಮಾನ್ಯವಾಗಿ 1234. ‘2.1’ ಎಂದು ಬರೆದ ಅಗ್ಗದ ನಕಲಿಗಳು ಎಷ್ಟೋ ಕಾರುಗಳ ಜೊತೆ ಮಾತೇ ಆಡುವುದಿಲ್ಲ, ‘1.5’ ಎಂದಿರುವುದೇ ಎಷ್ಟೋ ವಾಸಿ. ನಂಬರ್ ದೊಡ್ಡದಾದರೆ ಮಾಲು ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐಫೋನಿನವರು ಬಿಎಲ್‌ಇ (ಕಡಿಮೆ ಕರೆಂಟ್ ಬಳಸುವ ಬ್ಲೂಟೂತ್) ಅಥವಾ ವೈಫೈ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು.

ನಿಜವಾದ ಉಪಯೋಗ ಒಂದು ಅಂಕಿ ನೋಡುವುದರಲ್ಲಿಲ್ಲ, ಅದು ಏರಿಳಿಯುವ ರೀತಿಯಲ್ಲಿದೆ. ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಏಪ್ರಿಲಿನ ಸೆಕೆಗೆ ಎಸಿ ಆಫ್ ಮಾಡಿ ನಿಂತರೆ, ಸರಿಯಿರುವ ಕಾರಿನಲ್ಲಿ ಅಂಕಿ 97-98ರವರೆಗೆ ಏರಿ, ಫ್ಯಾನ್ ಗುಂಯ್ ಎಂದ ಕೂಡಲೇ 92-93ಕ್ಕೆ ಇಳಿಯುತ್ತದೆ. ಕಾರಿನಿಂದ ಕಾರಿಗೆ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಇರಬಹುದು, ಏರಿ ಇಳಿಯುವ ಕ್ರಮ ಮಾತ್ರ ಇದೇ. ಫ್ಯಾನ್ ತಿರುಗುತ್ತಿದ್ದರೂ ಇಳಿಯದಿದ್ದರೆ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೆಂಪು ಧೂಳು, ಕಸ ತುಂಬಿರಬಹುದು. ಹೊರಗಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ನಿಂತಾಗ ಬಿಸಿ, ಓಡುವಾಗ ತಣ್ಣಗೆ ಎಂದಾದರೆ ಫ್ಯಾನ್, ರಿಲೇ ನೋಡಿಸಿ. ಊರೊಳಗೆ ಸರಿಯಿದ್ದು, ಶಿರಾಡಿ ಘಾಟಿಯ ಬುಡದ ಗುಂಡ್ಯ ದಾಟಿ ಏರು ಸಿಕ್ಕಿದಾಗ ಮಾತ್ರ 100, 103, 106 ಎಂದು ಹತ್ತುತ್ತಾ ಹೋದರೆ ಒಳಗೆ ನೀರಿನ ಓಟಕ್ಕೇ ಅಡ್ಡಿ: ಪೂರ್ತಿ ತೆರೆಯದ ಥರ್ಮೋಸ್ಟ್ಯಾಟ್, ಸವೆದ ವಾಟರ್ ಪಂಪ್ ಅಥವಾ ವರ್ಷಗಟ್ಟಲೆ ಬಾವಿ ನೀರು ಸುರಿದು ತುಕ್ಕು ಕಟ್ಟಿದ ರೇಡಿಯೇಟರ್. ಇಷ್ಟು ವಿವರದೊಂದಿಗೆ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕಾಗಿಲ್ಲ.

ಈಗ ಇದರ ದೊಡ್ಡ ಕೊರತೆ. ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತು ಸತ್ಯ. ಹೋಸ್ ಒಡೆದು ನೀರು ಖಾಲಿಯಾದರೆ ಸೆನ್ಸರಿನ ಸುತ್ತ ಬರೀ ಹಬೆ, ಗಾಳಿ. ಎಂಜಿನ್ ಸುಡುತ್ತಿದ್ದರೂ ಫೋನಿನಲ್ಲಿ ಅಂಕಿ ಇಳಿಯಬಹುದು. ಏರಿನಲ್ಲಿ ಎಳೆಯುತ್ತಿರುವಾಗ 104 ಇದ್ದದ್ದು ತಟಕ್ಕನೆ 70ಕ್ಕೆ ಬಂದರೆ ಖುಷಿಪಡದೆ ಕಾರು ಬದಿಗೆ ಹಾಕಿ. ಆಗ ಕೆಲಸಕ್ಕೆ ಬರುವುದು ಹಳೆಯ ಗುರುತುಗಳೇ: ವೆಂಟಿನಿಂದ ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ, ಹೀಟರ್ ಹಾಕಿದರೂ ತಣ್ಣನೆ ಗಾಳಿ, ಎಂಜಿನಿನ ಟಕಟಕ ಸದ್ದು, ಆಕ್ಸಿಲರೇಟರ್ ಒತ್ತಿದರೂ ಬಾರದ ಪಿಕಪ್. ಎಸಿ ತನ್ನಷ್ಟಕ್ಕೆ ತಣ್ಣಗೆ ಬೀಸುವುದನ್ನು ನಿಲ್ಲಿಸುವುದೂ ಒಂದು ಸೂಚನೆ; ಬಿಸಿ ಹೆಚ್ಚಾದರೆ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ತಾನೇ ಎಸಿ ಕಂಪ್ರೆಸರ್ ಆಫ್ ಮಾಡುತ್ತದೆ. ಎಸಿ ಗ್ಯಾಸ್ ಮುಗಿದಿದೆ ಎಂದುಕೊಂಡು ಮುಂದೆ ಹೋದವರಿಗೆ ಹೆಡ್ ಗ್ಯಾಸ್ಕೆಟ್ ಖರ್ಚು ಗ್ಯಾರಂಟಿ.

106 ದಾಟಿದರೆ ಎಸಿ ಆಫ್, ಹೀಟರ್ ಫುಲ್, ಗಾಜು ಕೆಳಗೆ, ಗೇರ್ ಒಂದು ಕಡಿಮೆ. ಆದರೂ ಏರಿದರೆ ನಿಲ್ಲಿಸಿ. ಹಬೆ ಕಂಡರೆ ತಕ್ಷಣ ಎಂಜಿನ್ ಆಫ್. ಮುಚ್ಚಳಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಕೈ ಹಾಕಬೇಡಿ. ಒಳಗೆ ಒತ್ತಡವಿರುವುದರಿಂದ 100 ದಾಟಿದರೂ ಕುದಿಯದೆ ಕೂತಿರುವ ನೀರು, ಮುಚ್ಚಳ ಸಡಿಲಾದ ಕ್ಷಣವೇ ಮುಖಕ್ಕೆ ಚಿಮ್ಮುತ್ತದೆ.

ಇನ್ನೊಂದು ಕಿರಿಕಿರಿ: ಹೆಚ್ಚಿನ ಡಾಂಗಲ್‌ಗಳು ಕಾರು ಆಫ್ ಆದರೂ ಬ್ಯಾಟರಿಯಿಂದ ಸ್ವಲ್ಪಸ್ವಲ್ಪ ಕರೆಂಟ್ ಹೀರುತ್ತಲೇ ಇರುತ್ತವೆ. ಬಜ್ಪೆ ಏರ್‌ಪೋರ್ಟಿನಲ್ಲಿ ಕಾರಿಟ್ಟು ಎರಡು ವಾರ ಊರು ಬಿಡುವವರು ಅದನ್ನು ಕಿತ್ತು ಗ್ಲವ್ ಬಾಕ್ಸಿಗೆ ಹಾಕಿ ಹೋಗಲಿ.