ಕೊಟ್ಟಿಗೆಗೆ ತಂದ ಸ್ಪೀಕರ್: 14 ತಿಂಗಳ ಬಳಕೆಯ ನಂತರ

ನಮ್ಮಲ್ಲಿರುವುದು ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು. ಹೊರಗೆ ಮೇಯಲು ಬಿಡುವಷ್ಟು ಜಾಗವಿಲ್ಲದ ಕಾರಣ ದಿನವಿಡೀ ಕಟ್ಟಿದಲ್ಲೇ ನಿಂತಿರುತ್ತವೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2001ರಲ್ಲಿ ಸಾವಿರ ಫ್ರೀಸಿಯನ್ ಹಸುಗಳಿಗೆ ಒಂಬತ್ತು ವಾರ ಸಂಗೀತ ಕೇಳಿಸಿದಾಗ, ನಿಧಾನ ಲಯದ ಸಂಗೀತಕ್ಕೆ ಹಸುವೊಂದು ದಿನಕ್ಕೆ 0.73 ಲೀಟರ್ ಹೆಚ್ಚು ಹಾಲು ಕೊಟ್ಟಿತೆಂದು ಓದಿ, 1,800 ರೂಪಾಯಿ ಕೊಟ್ಟು ಈ ಬ್ಲೂಟೂತ್ ಸ್ಪೀಕರ್ ತರಿಸಿದೆ. ನನಗೆ ಹಾಲೇನೂ ಹೆಚ್ಚಲಿಲ್ಲ. ಡೈರಿಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬೇಸಿಗೆಯೂ ಹಿಂಡಿಯ ಕೊರತೆಯೂ ಕಾಣುತ್ತವೆಯೇ ಹೊರತು ಸಂಗೀತ ಕಾಣುವುದಿಲ್ಲ.

ಕಂಡದ್ದು ಬೇರೆ. ಬೆಳಗಿನ ಐದಕ್ಕೆ ಸಗಣಿ ಬಾಚಿ, ಬೂಸಾ ಕಲಸಿಟ್ಟು, ಸ್ಪೀಕರನ್ನು ಸೂರಿನ ಗಳಕ್ಕೆ ತೂಗುಹಾಕಿ, ಪ್ರತಿದಿನವೂ ಅದೇ ಕೊಳಲಿನ ಆಲಾಪನೆಯನ್ನು ಸಣ್ಣ ದನಿಯಲ್ಲಿ ಹಾಕುತ್ತೇನೆ. ಒದೆಯುವುದರಲ್ಲಿ ಹೆಸರಾದ, ಕರುವನ್ನು ಬಿಡದೆ ಸೊರ ಬಿಡದಿದ್ದ, ಅಂದರೆ ಕೆಚ್ಚಲಿಗೆ ಹಾಲಿಳಿಸದಿದ್ದ ನಮ್ಮ ಗೌರಿ, ಎರಡು ತಿಂಗಳು ಕಳೆಯುವಷ್ಟರಲ್ಲಿ ಕೊಳಲು ಶುರುವಾದೊಡನೆ ಕಣ್ಣು ಅರೆಮುಚ್ಚಿ ನಿಲ್ಲತೊಡಗಿದಳು. ನಾನಿನ್ನೂ ಕೆಚ್ಚಲು ತೊಳೆಯುವ ಮೊದಲೇ ಅವಳ ಹಿಂದಿನ ತೊಟ್ಟಿನಿಂದ ಹಾಲು ಹನಿಯುವುದನ್ನು ಕಂಡ ದಿನ, ಕೊಟ್ಟ ದುಡ್ಡು ಬಂತೆನ್ನಿಸಿತು. ಅದು ರಾಗದ ಮಹಿಮೆಯೇ ಎಂದು ನಾನು ಆಣೆ ಮಾಡಲಾರೆ, ಬಕೆಟ್ಟಿನ ಸದ್ದಿಗೂ ಸೊರ ಬಿಡುವ ಹಸುಗಳುಂಟು.

ಇಷ್ಟಕ್ಕೇ ನಿಂತಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಈ ಸ್ಪೀಕರಿಗೆ ತನ್ನದೇ ಆದ ಬಾಯಿಯೊಂದಿದೆ. ಚಾರ್ಜ್ ಇಳಿದರೆ, ಕೊಳಲನ್ನು ಎಷ್ಟೇ ಸಣ್ಣಗೆ ಇಟ್ಟಿರಲಿ, ಹೆಣ್ಣುದನಿಯೊಂದು ‘ಬ್ಯಾಟರಿ ಲೋ’ ಎಂದು ಗಂಟಲು ಹರಿಯುವಂತೆ ಕೂಗುತ್ತದೆ. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಜ್‌ಗೆ ಸೋತರೆ ಹಸುವಿನದು 35 ಸಾವಿರದವರೆಗೂ ಕೇಳುತ್ತದೆ. ನನಗೇ ಚುಚ್ಚುವ ಆ ಕೀರಲು ಅವಕ್ಕೆ ಹೇಗಿರಬೇಡ! ಮೊದಲ ಸಲ ಗೌರಿ ಬೆಚ್ಚಿ ಒದ್ದ ಹೊಡೆತಕ್ಕೆ ನಾಲ್ಕು ಲೀಟರ್ ಹಾಲು ಮೋರಿ ಸೇರಿತು. ಹಸು ಬೆದರಿದರೆ ಮೈಯಲ್ಲಿ ಅಡ್ರಿನಲಿನ್ ಏರಿ, ಹಾಲಿಳಿಸುವ ಹಾರ್ಮೋನಾದ ಆಕ್ಸಿಟೋಸಿನ್ನಿನ ಕೆಲಸ ಕೆಡುತ್ತದೆ. ಉಳಿದ ಹಾಲನ್ನು ಅವಳು ಏರಿಸಿಕೊಂಡುಬಿಟ್ಟಳು. ಮುಂದಿನ ಮೂರು ದಿನ ಕೊಳಲು ಕೇಳಿದರೇ ಕಿವಿ ನಿಮಿರಿಸಿ, ಕಾಲು ಬದಲಿಸುತ್ತಾ ನಿಂತಳು. ಎರಡು ತಿಂಗಳಲ್ಲಿ ಗಳಿಸಿದ್ದನ್ನು ಒಂದು ಕೂಗು ಕಳೆಯಿತು.

ಆ ಕೂಗನ್ನು ಅಡಗಿಸುವ ಗುಂಡಿಯಿಲ್ಲ. ತಯಾರಕರಿಗೆ ಎರಡು ಸಲ ಬರೆದರೆ, ಸ್ಪೀಕರ್ ನೀರಿಗೆ ಕೆಡುವುದಿಲ್ಲವೆಂಬ ಉತ್ತರ ಬಂತು. ಮೂರು ನಕ್ಷತ್ರಕ್ಕಿಂತ ಹೆಚ್ಚು ಕೊಡಲಾರೆ. ಈಗ ರಾತ್ರಿ ಊಟಕ್ಕೆ ಮೊದಲೇ ಚಾರ್ಜಿಗೆ ಹಾಕಿಡುತ್ತೇನೆ. ಕರೆಂಟು ಕೈಕೊಟ್ಟರೆ ಮರುದಿನ ಸ್ಪೀಕರನ್ನು ಮುಟ್ಟುವುದೇ ಇಲ್ಲ. ಅಂಥ ಬೆಳಿಗ್ಗೆ ಗೌರಿ ಖಾಲಿ ಗಳದತ್ತ ಒಂದೆರಡು ಸಲ ತಲೆಯೆತ್ತಿ, ಬಹಳ ತಡವಾಗಿ ಸೊರ ಬಿಡುತ್ತಾಳೆ. ನಾನು ಕ್ಯಾನು ಹಿಡಿದು ಡೈರಿಗೆ ಓಡುತ್ತೇನೆ.