ಏಜೆಂಟಾ, ನೇರ ಪ್ರಕಾಶಕರಾ, ಕನ್ನಡದವರಾ? ಒಂದೇ ಪುಸ್ತಕವನ್ನು ಮೂರು ಕಡೆ ಕಳಿಸಿ ನೋಡಿದೆ

ನಾನು ಬರೆಯುತ್ತಿರುವುದು ಕೋಲಾರದ ಕೆರೆಗಳ ಬಗ್ಗೆ. ಕಥೆಯಲ್ಲ, ಕಾದಂಬರಿಯಲ್ಲ. ಕೆರೆ ನೀರು ಹೊರಬಿಡುವ ತೂಬು, ತುಂಬಿದ ಮೇಲೆ ಹೆಚ್ಚಿನ ನೀರು ಹರಿದು ಹೋಗುವ ಕೋಡಿ, ಕೆರೆ ನೀರುಣ್ಣುವ ಅಚ್ಚುಕಟ್ಟು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ, ಇಷ್ಟೇ ವಿಷಯ. ಎರಡು ಅಧ್ಯಾಯ ಮುಗಿದ ಮೇಲೆ ಇದನ್ನು ಯಾರು ಅಚ್ಚು ಹಾಕುತ್ತಾರೆ ಅನ್ನೋ ಚಿಂತೆ ಶುರುವಾಯಿತು. ಸುಮ್ನೆ ಯೋಚಿಸುತ್ತಾ ಕೂರುವ ಬದಲು ಮೂರು ಕಡೆ ಕಳಿಸಿದೆ. ದೆಹಲಿಯ ಒಬ್ಬ ಲಿಟರರಿ ಏಜೆಂಟ್ (ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವವರು), ಒಂದು ದೊಡ್ಡ ಇಂಗ್ಲಿಷ್ ಪ್ರಕಾಶನ, ಬೆಂಗಳೂರಿನ ಒಬ್ಬ ಕನ್ನಡ ಪ್ರಕಾಶಕರು.

ಕನ್ನಡದ್ದು ಫೋನಿನಲ್ಲೇ ಮುಗಿಯಿತು.

"ಬರೆದಿದ್ದೀರಾ, ಇನ್ನೂ ಬರೀಬೇಕಾ?"

"ಬರೀತಾ ಇದ್ದೀನಿ ಸಾರ್."

"ಎಷ್ಟು ಪುಟ ಆಗುತ್ತೆ?"

"ಡೆಮಿ ಅಷ್ಟಾಂಶ ಅಳತೆಯ ಪುಸ್ತಕದಲ್ಲಿ ಇನ್ನೂರು ಆಗಬಹುದು."

"ಪೂರ್ತಿ ಮಾಡಿ ತನ್ನಿ, ನೋಡೋಣ. ಹಾಂ, ಫೈಲ್ ನುಡಿ ತಂತ್ರಾಂಶದಲ್ಲಿರಲಿ."

ವಿಷಯ ಏನು ಅಂತ ಕೇಳುವ ಮೊದಲೇ ಪುಟ ಕೇಳಿದರಲ್ಲ ಅಂತ ಬೇಜಾರಾಯಿತು. ಆಮೇಲೆ ಲೆಕ್ಕ ಅರ್ಥವಾಯಿತು. ನಮ್ಮಲ್ಲಿ ಇಂಥ ಪುಸ್ತಕ ಅಚ್ಚಾಗುವುದು 500, ಜಾಸ್ತಿ ಅಂದರೆ 1000 ಪ್ರತಿ. ಅದರಲ್ಲಿ ದೊಡ್ಡ ಪಾಲಿಗೆ ಎಷ್ಟೋ ಪ್ರಕಾಶಕರು ನೆಚ್ಚಿಕೊಂಡಿರುವುದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅಲ್ಲಿ ದರ ಕಟ್ಟುವುದು ಪುಟದ ಲೆಕ್ಕದಲ್ಲಿ. ಹಾಗಾಗಿ ಮೊದಲ ಪ್ರಶ್ನೆ ಪುಟದ್ದೇ. ಪ್ರಪೋಸಲ್, ಅಂದರೆ ಪುಸ್ತಕ ಬರೆಯುವ ಮೊದಲೇ ಅದರ ಬಗ್ಗೆ ಬರೆದು ಕೊಡುವ ಪ್ರಸ್ತಾವ, ಈ ಕಡೆ ಹೆಚ್ಚು ಬಳಕೆಯಲ್ಲಿಲ್ಲ. ಹಸ್ತಪ್ರತಿ ಕೊಡಬೇಕು, ಅಷ್ಟೇ.

ಏಜೆಂಟ್ ಕಡೆಯದ್ದು ಪೂರಾ ಉಲ್ಟಾ. ಕಾದಂಬರಿಯಾದರೆ ಪೂರ್ತಿ ಬರೆದೇ ಕಳಿಸಬೇಕು, ಇಂಥ ಪುಸ್ತಕಕ್ಕೆ ಪ್ರಪೋಸಲ್ ಸಾಕು. ಮೊದಲು ಒಂದು ಪುಟದ ಪತ್ರ. ಅದು ಹಿಡಿಸಿದರೆ ಪ್ರಪೋಸಲ್: ಪುಸ್ತಕ ಏನು, ಈಗಲೇ ಯಾಕೆ, ಬರೆಯುವುದಕ್ಕೆ ನೀನು ಯಾರು, ಯಾರು ಕೊಳ್ಳುತ್ತಾರೆ, ಕಪಾಟಿನಲ್ಲಿ ಇದರ ಪಕ್ಕ ಯಾವ ಪುಸ್ತಕ ಇರುತ್ತದೆ, ಒಂದೊಂದು ಅಧ್ಯಾಯದ ಸಾರ, ಮಾದರಿಗೆ ಒಂದು ಅಧ್ಯಾಯ. ನನ್ನದು 34 ಪುಟ ಆಯಿತು. ಎರಡು ತಿಂಗಳು ಹಿಡಿಯಿತು. ಆ ಹೊತ್ತಿಗೆ ಮೂರನೇ ಅಧ್ಯಾಯ ಬರೆದು ಮುಗಿಸಬಹುದಿತ್ತು ಅಂತ ಹೆಂಡತಿ ನೆನಪಿಸುತ್ತಲೇ ಇದ್ದಳು.

ನಾನು ಮಾಡಿದ ಮೊದಲ ಎಡವಟ್ಟು ಪಕ್ಕದ ಪುಸ್ತಕಗಳ ವಿಷಯದಲ್ಲಿ. "ಇಂಥ ಪುಸ್ತಕ ಹಿಂದೆಂದೂ ಬಂದಿಲ್ಲ" ಅಂತ ಜಂಬದಿಂದ ಬರೆದಿದ್ದೆ. ಹಾಗೆ ಬರೆದರೆ ಪ್ರಕಾಶಕರಿಗೆ ಖುಷಿಯಾಗಲ್ಲ, ಭಯವಾಗುತ್ತದೆ ಅಂದರು ಏಜೆಂಟ್. ಓದುಗರು ಇದ್ದಿದ್ದರೆ ಇಷ್ಟು ಹೊತ್ತಿಗೆ ಯಾರೋ ಬರೆದಿರುತ್ತಿದ್ದರು ಅನ್ನೋ ಅನುಮಾನ. ಕಳೆದ ನಾಲ್ಕೈದು ವರ್ಷದಲ್ಲಿ ಬಂದ ಪುಸ್ತಕಗಳನ್ನು ಹೆಸರಿಸಿ, ನಿಮ್ಮದು ಎಲ್ಲಿ ಬೇರೆ ಅಂತ ಹೇಳಿ ಅಂದರು.

ಎರಡನೆಯದು ಇನ್ನೂ ದೊಡ್ಡದು. ನನ್ನ ಮೊದಲ ಸಾಲು ಹೀಗಿತ್ತು: ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲದ ಕಾರಣ ಹಿಂದಿನವರು ಕೆರೆಗಳನ್ನು ಕಟ್ಟಿಸಿದರು. ಸುಳ್ಳೇನಲ್ಲ, ಆದರೆ ಶಾಲೆಯ ಪಾಠ. "ಈಗಲೇ ಯಾಕೆ?" ಅಂತ ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದರು. ಒಂದು ವಾರ ತಲೆ ಕೆರೆದುಕೊಂಡೆ. ಆಮೇಲೆ ಊರಿನ ನೀರುಗಂಟಿ ಹೇಳಿದ ಮಾತು ನೆನಪಾಯಿತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅದು ಅಂತರ್ಜಲ ಹೆಚ್ಚಲಿ ಅಂತ. ಆ ನೀರನ್ನು ತೂಬಿನಿಂದ ನೇರ ಗದ್ದೆಗೆ ಬಿಡುವ ಹಾಗಿಲ್ಲ. "ಕೆರೆ ಒಣಗಿದ್ದಾಗ ತೂಬು ಎತ್ತಕ್ಕೆ ನೀರಿರ್ಲಿಲ್ಲ. ಈಗ ನೀರೈತೆ, ಎತ್ತಂಗಿಲ್ಲ" ಅಂದಿದ್ದ ಅವನು. ಇದನ್ನೇ ಮೊದಲ ಪ್ಯಾರಾ ಮಾಡಿದೆ. ಇಡೀ ಪುಸ್ತಕ ಅದರ ಸುತ್ತ ತಿರುಗಿ ಕೂತಿತು. ಅಧ್ಯಾಯಗಳ ಕ್ರಮವೂ ಬದಲಾಯಿತು.

ಯಾರು ಓದುತ್ತಾರೆ ಅನ್ನೋ ಜಾಗದಲ್ಲಿ "ಎಲ್ಲರೂ" ಅಂತ ಬರೆದಿದ್ದೆ. ಅದನ್ನು ಹೊಡೆದು, ಕೋರಮಂಗಲದಲ್ಲಿ ಫ್ಲಶ್ ಮಾಡಿದ ನೀರು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದ ಬೆಂಗಳೂರಿಗರು ಅಂತ ಹಾಕಿದೆ. ಏಜೆಂಟ್ ನಕ್ಕರು, ಹಾಗೇ ಇರಲಿ ಅಂದರು.

ಇಂಗ್ಲಿಷ್ ಪ್ರಕಾಶನಕ್ಕೆ ನೇರ ಕಳಿಸಿದ್ದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಏಜೆಂಟ್ ತಿದ್ದುವುದಕ್ಕೆ ಮುಂಚಿನ ಹಳೇ ಪ್ರಪೋಸಲ್ಲೇ ಹೋಗಿತ್ತು, ತಪ್ಪು ನನ್ನದೂ ಇದೆ. ಈ ಮೇಲ್ ತಲುಪಿದೆ ಅನ್ನುವ ಯಂತ್ರದ ಉತ್ತರ ಬಂತು. ಏಳು ತಿಂಗಳಾಯಿತು, ಬೇರೇನೂ ಇಲ್ಲ.

ದುಡ್ಡಿನ ವಿಷಯ. ಏಜೆಂಟ್ ಓದುವುದಕ್ಕೆ ದುಡ್ಡು ಕೇಳಲಿಲ್ಲ. ಪುಸ್ತಕ ಮಾರಾಟವಾದರೆ ನನಗೆ ಬರುವುದರಲ್ಲಿ ನೂರಕ್ಕೆ 15 ಅವರದು. ಓದೋಕೇ ಫೀಸು ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಮುಂಗಡ ಬಂದರೂ ಕಂತಿನಲ್ಲಿ: ಸಹಿ ಹಾಕಿದಾಗ ಸ್ವಲ್ಪ, ಬರೆದು ಕೊಟ್ಟಾಗ ಸ್ವಲ್ಪ, ಪುಸ್ತಕ ಹೊರಬಂದಾಗ ಉಳಿದದ್ದು. ಕನ್ನಡದವರು ಮುಂಗಡದ ಮಾತೇ ಎತ್ತಲಿಲ್ಲ. ಮುಖಬೆಲೆಯ ಮೇಲೆ ನೂರಕ್ಕೆ ಹತ್ತು ಗೌರವಧನ, ಜೊತೆಗೆ 25 ಪ್ರತಿ ಅಂದರು. ಆ ಹತ್ತು ಯಾವಾಗ ಬರುತ್ತೆ ಅಂತ ಮಾತ್ರ ಕೇಳಬಾರದು.

ಹಾಗಾದರೆ ಯಾವುದು ವಾಸಿ? ಪುಸ್ತಕ ಕೈಗೆ ಬರಬೇಕು, ಊರಿನವರು ಓದಬೇಕು ಅಂದರೆ ಕನ್ನಡದ ದಾರಿಯೇ. ಪೂರ್ತಿ ಬರೆಯುವಷ್ಟು ದಿನ ಸಂಬಳ ಬಿಟ್ಟು ಕೂರಬೇಕು, ಊರೂರು ಓಡಾಡಬೇಕು ಅಂದರೆ ಏಜೆಂಟ್ ದಾರಿ, ಯಾಕಂದರೆ ಬರೆಯುವ ಮುಂಚೆ ದುಡ್ಡು ಹುಟ್ಟುವ ಆಸೆ ಅಲ್ಲಿ ಮಾತ್ರ ಇದೆ. ನೇರ ಕಳಿಸುವುದನ್ನು ನಾನು ಮತ್ತೆ ಮಾಡಲ್ಲ, ಒಳಗೆ ಗೊತ್ತಿರುವ ಸಂಪಾದಕರು ಇಲ್ಲದಿದ್ದರೆ. ಆದರೆ ಒಂದು ಮಾತು. ಕನ್ನಡದಲ್ಲಿ ಯಾರೂ ಕೇಳದಿದ್ದರೂ ಪ್ರಪೋಸಲ್ ಬರೆಯಿರಿ, ಅಧ್ಯಾಯದ ಸಾರದ ಭಾಗವನ್ನಂತೂ ಬಿಡಬೇಡಿ. ನನ್ನ ಐದನೇ ಅಧ್ಯಾಯದ ಸಾರ ಎರಡು ಸಾಲು ದಾಟಲಿಲ್ಲ. ಅದಕ್ಕೆ ಬೇಕಾದ ಸರಕು ನನ್ನ ಹತ್ತಿರ ಇಲ್ಲ ಅಂತ ಆಗಲೇ ತಿಳಿಯಿತು. ಇಲ್ಲದಿದ್ದರೆ ಬರೆಯುತ್ತಾ 120ನೇ ಪುಟದಲ್ಲಿ ಸಿಕ್ಕಿಕೊಳ್ಳುತ್ತಿದ್ದೆ.

ಈಗ ಎರಡೂ ಕಡೆ ಹೂಂ ಅಂದಿದ್ದೇನೆ. ಕನ್ನಡದ ಪ್ರಕಾಶಕರ ಒಪ್ಪಂದದಲ್ಲಿ "ಎಲ್ಲ ಭಾಷೆಯ ಹಕ್ಕು" ಅಂತ ಇತ್ತು. ಕನ್ನಡ ಮಾತ್ರ ನಿಮ್ಮದು ಅಂದೆ. "ಇಂಗ್ಲಿಷ್ ಯಾರು ಓದ್ತಾರೆ ಸ್ವಾಮಿ" ಅಂತ ನಗುತ್ತಲೇ ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ ಸಹಿ ಹಾಕಿದರು. ಏಜೆಂಟ್ ಇನ್ನೊಂದು ಮಾದರಿ ಅಧ್ಯಾಯ ಕೇಳಿದ್ದಾರೆ. ಭಾನುವಾರ ಊರಿಗೆ ಹೋಗಬೇಕು, ನೀರುಗಂಟಿ ಕಟ್ಟೆ ಮೇಲೆ ಸಿಕ್ಕರೆ ಅದೇ ಮುಂದಿನ ಅಧ್ಯಾಯ.